ಉಗಾದಿ ಆದಮೇಲೆ ಶುರುವಾದ ಕೆಮ್ಮು

ಜೂನ್ 9, 2025, ಸೋಮವಾರ

ಜಿಲ್ಲೆಯ ಕ್ಷಯರೋಗ ವಿಭಾಗದಿಂದ ಫೋನ್. ಒಂದಿಷ್ಟು ಹಣ ಬರಲಿದೆಯಂತೆ. ಎಕ್ಸ್‌ರೇ ವ್ಯಾನ್ ಕೊಂಡು ಊರೂರು ಸುತ್ತಿಸಬೇಕೋ, ಇಲ್ಲ ಪಿಎಚ್‌ಸಿಗಳಿಗೆ ಕಫದಲ್ಲಿ ರೋಗಾಣು ಹುಡುಕುವ ಟ್ರೂನ್ಯಾಟ್ ಯಂತ್ರ ಕೊಟ್ಟು ಸ್ಯಾಂಪಲ್ ಸಾಗಿಸುವ ಏರ್ಪಾಟು ಗಟ್ಟಿ ಮಾಡಬೇಕೋ? “ಮೇಡಂ, ನಿಮ್ಮ ಮಾಡೆಲ್ ಏನನ್ನುತ್ತೆ ನೋಡಿ ಒಂದು ಗ್ರಾಫ್ ಕೊಟ್ಬಿಡಿ.”

ಯಾವ ಉತ್ತರ ಬಂದರೆ ಅನುಕೂಲ ಅನ್ನುವುದು ಗ್ರಾಫ್ ಕೇಳುವವರ ದನಿಯಲ್ಲೇ ಗೊತ್ತಾಗುತ್ತದೆ. ಇವರಿಗೆ ವ್ಯಾನ್ ಬೇಕು. ತಪ್ಪೇನಿಲ್ಲ. ವ್ಯಾನಿಗೆ ಹಸಿರು ಬಾವುಟ ತೋರಿಸಿ ಫೋಟೊ ತೆಗೆಸಿಕೊಳ್ಳಬಹುದು. ಕಫದ ಡಬ್ಬಿಗೆ ಯಾರು ಬಾವುಟ ತೋರಿಸುತ್ತಾರೆ? ಒಂದೂವರೆ ತಿಂಗಳು ಟೈಮ್ ಕೇಳಿದೆ.

ಜೂನ್ 14, ಶನಿವಾರ

ಚಿಕಿತ್ಸೆಯೇ ಸಿಗದಿದ್ದರೆ ಕ್ಷಯ ಒಬ್ಬರ ಮೈಯಲ್ಲಿ ಎಷ್ಟು ಕಾಲ ಇರುತ್ತದೆ? ನನ್ನ ಗಣಿತದ ಮಾದರಿಗೆ ಮೊದಲು ಬೇಕಾದ ಸಂಖ್ಯೆ ಇದು. ಇವತ್ತು ಇದನ್ನು ಅಳೆಯಲು ಹೊರಡುವಂತಿಲ್ಲ. ಔಷಧಿ ಇಟ್ಟುಕೊಂಡು ನೋಡುತ್ತ ಕೂರುವುದು ಅಪರಾಧ. ಆದರೆ ಹಿಂದೆ ಅಳೆದದ್ದು ಇದೆ, ಅದೂ ಇಲ್ಲೇ. ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಸುತ್ತಿದರು. ವ್ಯವಸ್ಥಿತ ಚಿಕಿತ್ಸೆ ಆ ಹಳ್ಳಿಗಳನ್ನು ಇನ್ನೂ ಮುಟ್ಟಿರಲಿಲ್ಲ. ಕಫದಲ್ಲಿ ರೋಗಾಣು ಸಿಕ್ಕವರು ಐದು ವರ್ಷದ ಮೇಲೆ ಏನಾದರು ಎಂದು 1974ರ ವರದಿಯಲ್ಲಿದೆ. ನೂರಕ್ಕೆ ಸುಮಾರು 49 ಜನ ತೀರಿಹೋಗಿದ್ದರು. 33 ಜನ ತಾವಾಗಿಯೇ ಗುಣವಾಗಿದ್ದರು. ಉಳಿದ 18 ಜನರ ಕಫದಲ್ಲಿ ರೋಗಾಣು ಹಾಗೇ ಇತ್ತು.

ಐದು ವರ್ಷದ ಕೊನೆಗೆ 18 ಉಳಿಯಬೇಕಾದರೆ ರೋಗಿಗಳ ಗುಂಪು ವರ್ಷಕ್ಕೆ ಸುಮಾರು 0.34ರ ದರದಲ್ಲಿ ಕರಗಬೇಕು. ತಲೆಕೆಳಗು ಮಾಡಿದರೆ ಸರಾಸರಿ ಮೂರು ವರ್ಷ. ಆ 0.34ನ್ನು ಒಡೆದರೆ 0.14 ವಾಸಿಯಾದವರದ್ದು, 0.20 ಸತ್ತವರದ್ದು. ಕೋಡಿನಲ್ಲಿ ಇದು ಒಂದೇ ಸಾಲು. ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಎದ್ದು ಹೋಗಿ ಕಾಫಿ ಮಾಡಿಕೊಂಡೆ. ಪ್ರಪಂಚದ ಎಷ್ಟೋ ಕ್ಷಯ ಮಾದರಿಗಳು ಇಂಥ ಸಂಖ್ಯೆಗಳ ಮೇಲೇ ನಿಂತಿವೆ, ಬೆಂಗಳೂರು ಜಿಲ್ಲೆಯ ಹಳ್ಳಿಗಳ ರೋಗಿಗಳ ಸುದ್ದಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಲ್ಲೂ ಇರಬಹುದು.

ಜೂನ್ 15, ಭಾನುವಾರ

ಮಾದರಿ ಎಂಬುದೂ ಅದೇ ಕ್ಷಯರೋಗ ಸಂಸ್ಥೆಯ ಬಳಗದ್ದು. ಸಂಸ್ಥೆ ಶುರುವಾಗಿ ಮೂರೇ ವರ್ಷಕ್ಕೆ, 1962ರಲ್ಲಿ, ಹಾನ್ಸ್ ವಾಲರ್, ಆಂಟನ್ ಗೆಸರ್, ಸ್ಟಿಗ್ ಆಂಡರ್ಸನ್ ಮೂವರೂ ಸೇರಿ ಕ್ಷಯಕ್ಕೆ ಗಣಿತದ ಮಾದರಿ ಪ್ರಕಟಿಸಿದರು. ಜನರನ್ನು ಸೋಂಕು ತಗುಲದವರು, ತಗುಲಿದವರು, ರೋಗ ಬಂದವರು ಎಂದು ಬೇರೆ ಬೇರೆ ಪೆಟ್ಟಿಗೆಗಳಿಗೆ ವಿಂಗಡಿಸಿ ವರ್ಷದಿಂದ ವರ್ಷಕ್ಕೆ ಯಾರು ಎಲ್ಲಿಂದ ಎಲ್ಲಿಗೆ ದಾಟುತ್ತಾರೆ ಎಂಬ ಲೆಕ್ಕ. ನಾನು ಮಾಡುತ್ತಿರುವುದೂ ಬುಡದಲ್ಲಿ ಇದೇ. ನನ್ನ ಹತ್ತಿರ ಲ್ಯಾಪ್‌ಟಾಪ್ ಇದೆ, ಅಷ್ಟೇ ವ್ಯತ್ಯಾಸ.

ಜೂನ್ 19, ಗುರುವಾರ

ಪಿಎಚ್‌ಸಿಯಲ್ಲಿ ಬೆಳಗ್ಗೆಯಿಂದ ಮೂರೂವರೆವರೆಗೆ. ಆಶಾ ಕಾರ್ಯಕರ್ತೆಯ ನೋಟ್‌ಬುಕ್ಕು ನೋಡಲೆಂದೇ ಹೋದದ್ದು. ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲಿನಲ್ಲಿ ದಿನಾಂಕಗಳು ಅಚ್ಚುಕಟ್ಟಾಗಿವೆ. ನೋಟ್‌ಬುಕ್ಕಿನಲ್ಲಿ ‘ಕೆಮ್ಮು ಯಾವಾಗಿಂದ’ ಎಂಬ ಕಾಲಮ್ಮಿನಲ್ಲಿ ಹೀಗಿದೆ: ಉಗಾದಿ ಆದಮೇಲೆ. ಸಿದ್ಧಗಂಗೆ ಜಾತ್ರೆ ಟೈಮಿಗೆ. ಮಗಳ ಬಾಣಂತನ ಮುಗಿಸಿಕೊಂಡು ಬಂದಾಗಿಂದ. ರಾಗಿ ಕಟಾವಿನ ಧೂಳು ಕುಡಿದು. ಅದನ್ನೇ ಕಂಪ್ಯೂಟರಿಗೆ ಏರಿಸುವಾಗ ‘15 ದಿನ’, ‘1 ತಿಂಗಳು’. ನನ್ನ ಹಿಸ್ಟೊಗ್ರಾಮ್‌ನಲ್ಲಿ ಹದಿನೈದರ ಹತ್ತಿರ ಒಂದು ಗೋಪುರ ಎದ್ದು ನಿಂತದ್ದು ಯಾಕೆ ಎಂದು ಈಗ ಗೊತ್ತಾಯಿತು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂಬುದು ನಿಯಮ. ನಿಯಮವೇ ಉತ್ತರ ಬರೆಸಿದೆ.

ಹನ್ನೊಂದರ ಹೊತ್ತಿಗೆ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಏನೇನು ಔಷಧಿ ತಗೊಂಡೆಯಮ್ಮಾ ಅಂದದ್ದಕ್ಕೆ ಚೀಲವನ್ನೇ ಮೇಜಿನ ಮೇಲೆ ಸುರಿದಳು. ಕೆಮ್ಮಿನ ಸಿರಪ್ಪಿನ ಖಾಲಿ ಬಾಟಲಿಗಳು, ಅರ್ಧ ಕತ್ತರಿಸಿದ ಆಂಟಿಬಯೋಟಿಕ್ ಸ್ಟ್ರಿಪ್ಪುಗಳು. ಒಂದು ಬಾಟಲಿಯ ಮುಚ್ಚಳಕ್ಕೆ ಅರಿಶಿನದ ಬೆರಳಚ್ಚು. ಉಗಾದಿ ಆದಮೇಲೆ ಕೆಮ್ಮು ಶುರುವಾದ ವಾರದಲ್ಲೇ ಮೆಡಿಕಲ್ ಶಾಪಿಗೆ ಹೋಗಿದ್ದಾಳೆ. ಆಮೇಲೆ ಇನ್ನೊಂದು ಶಾಪು, ಆಮೇಲೆ ಒಬ್ಬ ಡಾಕ್ಟರು, ಮತ್ತೆ ಮೊದಲಿನ ಶಾಪು. ಎಲ್ಲರೂ ಏನೋ ಒಂದು ಕೊಟ್ಟಿದ್ದಾರೆ. ಕಫ ಕೇಳಿದವರು ಇವತ್ತೇ ಮೊದಲು. ಸ್ಯಾಂಪಲ್ಲು ಟ್ರೂನ್ಯಾಟ್ ಇರುವ ಕಡೆಗೆ ಹೋಯಿತು. ಬೆಂಗಳೂರಿನ ಬಿಗ್‌ಟೆಕ್‌ನವರು ರೂಪಿಸಿದ ಯಂತ್ರ, ಬ್ಯಾಟರಿಯಲ್ಲೇ ನಡೆಯುತ್ತದೆ, ಫಲಿತಾಂಶಕ್ಕೆ ಸುಮಾರು ಒಂದು ಗಂಟೆ ಸಾಕು. ಆ ಒಂದು ಗಂಟೆಯ ಹಿಂದೆ ಉಗಾದಿಯಿಂದ ಇಲ್ಲಿಯವರೆಗಿನ ಎರಡೂವರೆ ತಿಂಗಳಿಗೂ ಹೆಚ್ಚಿನ ಕಾಲ ಇದೆ.

ಜೂನ್ 28, ಶನಿವಾರ

ಹಬ್ಬಗಳ ಪಟ್ಟಿ ಮಾಡಿದೆ. 2025ರ ಉಗಾದಿ ಮಾರ್ಚ್ 30, ಬಸವ ಜಯಂತಿ ಏಪ್ರಿಲ್ 30, ಕಾರ ಹುಣ್ಣಿಮೆ ಜೂನ್ 11. ಊರ ಜಾತ್ರೆಗಳ ತೇದಿಗೆ ಆಶಾ ಕಾರ್ಯಕರ್ತೆಯರಿಗೇ ಫೋನ್ ಮಾಡಿದೆ, ಬಾಣಂತನದ ತೇದಿ ಅವರ ಇನ್ನೊಂದು ರಿಜಿಸ್ಟರಿನಲ್ಲಿ ಹೇಗೂ ಇತ್ತು! ನೋಟ್‌ಬುಕ್ಕಿನ ಮಾತನ್ನು ಹೀಗೆ ತೇದಿಗೆ ಇಳಿಸಿದ ಮೇಲೆ ಹದಿನೈದರ ಗೋಪುರ ಕುಸಿದು ಬಲಕ್ಕೆ ಉದ್ದನೆಯ ಬಾಲ ಬಂತು. ನಿಜವಾದ ಡೇಟಾಗೆ ಬಾಲ ಇರಲೇಬೇಕು.

ಜುಲೈ 4, ಶುಕ್ರವಾರ

ಆ ಹೆಂಗಸಿನ ಚೀಲ ಮನಸ್ಸಿನಿಂದ ಹೋಗುತ್ತಿಲ್ಲ. ದೇಬಬರ್ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಮಾಡಿದ ಅಧ್ಯಯನ ತೆಗೆದು ಓದಿದೆ. ಪ್ರಕಟವಾದದ್ದು 1963ರಲ್ಲಿ. ಹಳ್ಳಿಯವರಿಗೆ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ನಾವೇ ವ್ಯಾನ್ ತೆಗೆದುಕೊಂಡು ಹೋಗಿ ಹುಡುಕಬೇಕು ಎಂಬ ನಂಬಿಕೆ ಆಗಲೂ ಇತ್ತು. ಇವರು ಮನೆಮನೆಗೆ ಹೋಗಿ ರೋಗಿಗಳನ್ನೇ ಕೇಳಿದರು. ಬಹುಪಾಲು ಜನಕ್ಕೆ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿದ್ದರು, ಕೆಮ್ಮಿನ ಮಿಕ್ಸ್ಚರ್ ಕೊಟ್ಟು ಕಳಿಸಿದ್ದರು. ಬಾಟಲಿ ಗಾಜಿನದಿತ್ತು, ಈಗ ಪ್ಲಾಸ್ಟಿಕ್ಕಿನದು.

ಜುಲೈ 12, ಶನಿವಾರ

ಲೆಕ್ಕ ಕೂಡಿತು. ವ್ಯಾನ್ ಒಂದು ಊರಿಗೆ ವರ್ಷಕ್ಕೊಮ್ಮೆ ಬರುತ್ತದೆ, ಬಂದಾಗ ಊರಿನಲ್ಲಿರುವ ಒಬ್ಬ ರೋಗಿಯನ್ನೂ ಬಿಡದೆ ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ಇದಕ್ಕಿಂತ ಉದಾರವಾಗಿ ವ್ಯಾನನ್ನು ಹೊಗಳಲು ಸಾಧ್ಯವಿಲ್ಲ. ರೋಗ ಸರಾಸರಿ ಮೂರು ವರ್ಷ ಉಳಿಯುತ್ತಿದ್ದ 1960ರ ದಶಕದಲ್ಲಾದರೆ ಹೊಸದಾಗಿ ರೋಗ ಬಂದ ನೂರು ಜನರಲ್ಲಿ ಸುಮಾರು 85 ಮಂದಿ ಮುಂದಿನ ವ್ಯಾನಿಗೆ ಸಿಗುತ್ತಿದ್ದರು. ಈಗ ಹೇಗೋ ಏನೋ ಅಲೆದಾಡಿ ಸರಾಸರಿ ನಾಲ್ಕು ತಿಂಗಳಲ್ಲಿ ಚಿಕಿತ್ಸೆಗೆ ಬರುತ್ತಾರೆ ಎಂದುಕೊಂಡರೆ ಅದೇ ವ್ಯಾನಿಗೆ ಸಿಗುವವರು 32. ಉಳಿದ 68 ಜನರ ಕೆಮ್ಮು ಶುರುವಾಗಿ, ಅಲೆದಾಟವೂ ಮುಗಿದು, ಅಷ್ಟರಲ್ಲಿ ಮನೆಮಂದಿಗೆಲ್ಲ ಹಂಚಿ ಆಗಿರುತ್ತದೆ. ವರ್ಷಕ್ಕೊಂದೇ ರೈಲು ಬರುವ ಸ್ಟೇಷನ್ನಿನಲ್ಲಿ ಹತ್ತುವವರು ಆ ದಿನ ಪ್ಲಾಟ್‌ಫಾರ್ಮಿನಲ್ಲಿದ್ದವರು ಮಾತ್ರ.

ನಾಲ್ಕು ತಿಂಗಳನ್ನು ಎರಡು ಮಾಡಿದರೆ? ಊರಿನಲ್ಲಿ ಒಂದು ದಿನ ಎಣಿಸಿದಾಗ ಸಿಗುವ ರೋಗಿಗಳ ಸಂಖ್ಯೆ ಎಂದರೆ ಹೊಸ ರೋಗಿಗಳು ಗುಣಿಸು ರೋಗ ಉಳಿಯುವ ಕಾಲ. ಕಾಲ ಅರ್ಧವಾದರೆ ಸಂಖ್ಯೆಯೂ ಅರ್ಧ. ಹರಡುವುದು ತಗ್ಗುವುದರಿಂದ ಮುಂದಿನ ವರ್ಷಗಳಲ್ಲಿ ಇನ್ನಷ್ಟು ಇಳಿಯುತ್ತದೆ. ಆ ಎರಡು ತಿಂಗಳು ಉಳಿಸಬಹುದಾದ ಜಾಗ ಮೆಡಿಕಲ್ ಶಾಪಿನ ಕೌಂಟರು.

ಜುಲೈ 16, ಬುಧವಾರ

ವ್ಯಾನಿನ ಪರವಾಗಿಯೂ ಒಂದು ಮಾತಿದೆ, ಅದನ್ನು ಮುಚ್ಚಿಟ್ಟರೆ ಮೋಸ. 2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಎಕ್ಸ್‌ರೇ ಇಲ್ಲದೆ ಬರೀ ಲಕ್ಷಣ ಕೇಳಿದ್ದರೆ ಶೇಕಡ 42.6ರಷ್ಟು ರೋಗಿಗಳು ತಪ್ಪಿಹೋಗುತ್ತಿದ್ದರು. ಲಕ್ಷಣ ಇದ್ದವರಲ್ಲೂ ಶೇಕಡ 64 ಮಂದಿ ಎಲ್ಲಿಗೂ ಹೋಗಿರಲಿಲ್ಲ. ಕೆಮ್ಮೇ ಇಲ್ಲದವರಿಗೆ ನನ್ನ ಹಬ್ಬದ ಪಟ್ಟಿಯಲ್ಲಿ ಜಾಗವಿಲ್ಲ. ಅವರಿಗಾಗಿ ಇನ್ನೊಂದು ಪೆಟ್ಟಿಗೆ ಸೇರಿಸಿ ಮತ್ತೆ ಓಡಿಸಿದೆ. ವ್ಯಾನಿನ ಬೆಲೆ ಏರಿತು. ಆದರೆ ಎಲ್ಲ ಊರಿಗೂ ಸಮನಾಗಿ ಸುತ್ತುವ ವ್ಯಾನಿನದಲ್ಲ. ಕಲ್ಲು ಕ್ವಾರಿ, ಇಟ್ಟಿಗೆ ಗೂಡು, ಜೈಲು, ರೋಗಿಯ ಮನೆಯವರು, ಇಷ್ಟು ಕಡೆಗೆ ವರ್ಷದಲ್ಲಿ ಹಲವು ಸಲ ಹೋಗುವ ವ್ಯಾನಿನದು.

ಜುಲೈ 19, ಶನಿವಾರ

ಹಸಿವಿಗೆ ಮಾದರಿಯಲ್ಲಿ ಪೆಟ್ಟಿಗೆ ಇಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ಆಹಾರ ಕೊಟ್ಟು ನೋಡಿದ ಪ್ರಯೋಗದಲ್ಲಿ ಮನೆಯವರಿಗೆ ಕ್ಷಯ ಬರುವುದು ಶೇಕಡ 39ರಷ್ಟು ಕಡಿಮೆಯಾಯಿತು (2023). ನೋಟ್‌ಬುಕ್ಕಿನಲ್ಲಿ ತೂಕದ ಕಾಲಮ್ ಇದೆ, ಪುಟಗಟ್ಟಲೆ ಮೂವತ್ತರ ಕೊನೆಯ ಕಿಲೋಗಳು. ಈ ಸಲಕ್ಕೆ ಸಮಯವಿಲ್ಲ. ಸಮಯವಿಲ್ಲ ಎಂದು ಬರೆಯಲು ಸಂಕೋಚವಾಗುತ್ತದೆ.

ಜುಲೈ 23, ಬುಧವಾರ

ಮೀಟಿಂಗ್. ಇಪ್ಪತ್ತು ನಿಮಿಷ ಕೊಟ್ಟಿದ್ದರು, ಹನ್ನೆರಡು ಸಿಕ್ಕಿತು. 85 ಮತ್ತು 32 ಎಂದಾಗ ಒಬ್ಬರು ತಲೆ ಎತ್ತಿದರು. ವ್ಯಾನ್ ಆಗಲೇ ಪ್ರಸ್ತಾವನೆಯಲ್ಲಿತ್ತು, ಅಲ್ಲೇ ಉಳಿಯಿತು. ಆದರೆ ಅದರ ರೂಟ್ ಬದಲಾಗಲಿದೆ: ಕ್ವಾರಿ ಮತ್ತು ಗೂಡುಗಳಿಗೆ ಮೂರು ತಿಂಗಳಿಗೊಮ್ಮೆ. ಎರಡು ತಾಲೂಕುಗಳ ಮೆಡಿಕಲ್ ಶಾಪಿನವರನ್ನು ಕರೆದು, ಎರಡನೇ ಸಲ ಸಿರಪ್ ಕೇಳಿದವರನ್ನು ಕಫ ಪರೀಕ್ಷೆಗೆ ಕಳಿಸುವ ಚೀಟಿ ಕೊಡಿಸೋಣ ಎಂದರು. ಫಾರಮ್ಮಿಗೆ ಹೊಸ ಕಾಲಮ್: ‘ಮೊದಲು ಎಲ್ಲಿಗೆ ಹೋದಿರಿ’. ನಾನು ಕೇಳಿದ್ದಕ್ಕಿಂತ ಕಡಿಮೆ, ನಿರೀಕ್ಷಿಸಿದ್ದಕ್ಕಿಂತ ಜಾಸ್ತಿ.

ಜುಲೈ 31, ಗುರುವಾರ

ಆಶಾ ಕಾರ್ಯಕರ್ತೆಯ ಫೋನ್. “ಮೇಡಂ, ಕಾಲಮ್ ಸಣ್ಣದಾಯ್ತು, ಒಬ್ಬೊಬ್ರು ನಾಲ್ಕು ಕಡೆ ಹೋಗಿರ್ತಾರೆ. ಅಂಗಡಿ ಹೆಸರೂ ಬರೀಬೇಕಾ? ಬರೆದ್ರೆ ನಾಳೆ ನನ್ನ ಮೇಲೆ ಜಗಳಕ್ಕೆ ಬರ್ತಾರೆ.” ಹೆಸರು ಬೇಡ, ಎಷ್ಟನೇ ಕಡೆ, ಯಾವ ಹಬ್ಬದ ಹತ್ತಿರ, ಅಷ್ಟು ಬರೆಯಿರಿ, ತೇದಿ ನಾನು ಹಾಕಿಕೊಳ್ಳುತ್ತೇನೆ ಎಂದೆ.