ಮೂಗೂರಿನಲ್ಲಿ ಒಂದು ಹಗಲು

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ-ಕಪಿಲೆಯರ ಸಂಗಮಕ್ಕೆ ಕೈಮುಗಿದು ಬಸ್ಸು ಹತ್ತಿದರೆ, ಸ್ವಲ್ಪ ಹೊತ್ತಿಗೆಲ್ಲ ಮೂಗೂರು. ತ್ರಿಪುರಸುಂದರಿ ಅಮ್ಮನವರ ಊರು. ಭರತನಾಟ್ಯ ಬಲ್ಲವರಿಗೆ ಮೂಗೂರು ಜೇಜಮ್ಮನವರ ಹೆಸರೂ ಗೊತ್ತು. ಹೆಣ್ಣುಮಕ್ಕಳಿಂದ ಹೆಸರಾದ ಊರು ಎಂದುಕೊಂಡೇ ಇಳಿದೆ.

ಅಮ್ಮನವರಿಗೆ ಹಣ್ಣುಕಾಯಿ ಮಾಡಿಸಿ ಪರಿಚಯದವರೊಬ್ಬರ ಮನೆಗೆ ಹೋದೆ. ಮುಕ್ಕಾಲು ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಕೋಣೆ. ಮನೆಯಾಕೆ ಸೊಪ್ಪು ಹಾಕುತ್ತಿದ್ದರು. ಮರಿಯಿಂದ ಗೂಡಿನವರೆಗೆ ಹೆಚ್ಚುಕಡಿಮೆ 25 ದಿನ; ನಡುವೆ ಹುಳುವಿಗೆ ನಾಲ್ಕು ಸಲ 'ಜ್ವರ'. ಬಾಣಂತನ ಮಾಡಿದ ಹಾಗೆ ನೋಡಿಕೊಳ್ಳಬೇಕು. ನಾಲ್ಕನೆಯ ಜ್ವರ ಎದ್ದ ಹುಳುಗಳಲ್ಲಿ ಕೆಲವು ಊದಿಕೊಂಡು ತಟ್ಟೆಯ ಅಂಚಿನಲ್ಲಿ ಹರಿದಾಡುತ್ತಿದ್ದವು.

"ಹಾಲುತೊಂಡೆ ಇರ್ಬೇಕು ಕನವ್ವಾ. ಹೋದ ಸಲ ಮಗ ಪೋಟ ತೆಗ್ದು ಕಳ್ಸಿದ್ದ, ರೇಷ್ಮೆ ಇಲಾಖೆಯೋರು ತಕ್ಷಣ ಯೋಳುದ್ರು. ಇವತ್ತು ಫೋನು ಅವನ ಜೊತೇಲೆ ಮೈಸೂರಿಗೆ ಹೋಗದೆ."

ಮನೆಯಲ್ಲಿ ಇಂಟರ್ನೆಟ್ ಇರುವ ಫೋನು ಎರಡು: ಒಂದು ಯಜಮಾನರ ಜೇಬಿನಲ್ಲಿ, ಒಂದು ಮಗನ ಕೈಯಲ್ಲಿ. ಹಗಲೂರಾತ್ರಿ ಹುಳು ನೋಡುವಾಕೆಗೆ ಗುಂಡಿ ಒತ್ತುವ ಹಳೆಯ ಫೋನು. ಇದು ಒಂದು ಮನೆಯ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಎಂದಾದರೂ ಇಂಟರ್ನೆಟ್ ಬಳಸಿದ ಹೆಂಗಸರು ನೂರಕ್ಕೆ 33. ಗಂಡಸರು ಅರ್ಧಕ್ಕಿಂತ ಹೆಚ್ಚು.

ರಾಮನಗರದ ಮಾರುಕಟ್ಟೆಯಲ್ಲೀಗ ಗೂಡಿನ ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಮೋಸ ತಪ್ಪಿತು, ಒಳ್ಳೆಯದೇ. ಆದರೆ ಖಾತೆ ಯಜಮಾನರದು. "ಮೊದ್ಲು ನೋಟು ಎಣ್ಸಿ ದೇವ್ರ ಮುಂದೆ ಮಡಗೋರು, ನಾನೂ ನೋಡ್ತಿದ್ದೆ. ಈಗ ಎಷ್ಟು ಬತ್ತದೋ ಏನೋ," ಎಂದರು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯ ದುಡ್ಡು ಮಾತ್ರ ಆಕೆಯ ಹೆಸರಿಗೆ.

ನನ್ನ ಫೋನಿನಿಂದಲೇ ಚಿತ್ರ ತೆಗೆದು ಮಗನಿಗೆ ಕಳುಹಿಸಿದೆವು. ಅವನು ಇಲಾಖೆಯವರನ್ನು ಕೇಳಿ ಉತ್ತರ ತಿಳಿಸುವಷ್ಟರಲ್ಲಿ ಅರ್ಧ ಗಂಟೆಯೂ ಆಗಲಿಲ್ಲ. ಹಾಲುತೊಂಡೆಗೆ ಮದ್ದಿಲ್ಲ, ರೋಗದ ಹುಳು ಆರಿಸಿ ತೆಗೆದು ದೂರ ಹೂಳಬೇಕು, ಹಾಸಿಗೆಗೆ ಸೋಂಕುನಿವಾರಕ ಪುಡಿ ಉದುರಿಸಬೇಕು. ಸಂಜೆಯವರೆಗೆ ಕಾದಿದ್ದರೆ ಎಷ್ಟು ತಟ್ಟೆಗೆ ಹರಡುತ್ತಿತ್ತೋ!

ನಿಮ್ಮಲ್ಲೂ ಹೊಲ-ತೋಟವಿದ್ದರೆ ನೆನಪಿಡಿ: ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಗುಂಡಿ ಫೋನೇ ಸಾಕು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಕೆಗೂ ಆ ನಂಬರನ್ನು ಗೋಡೆಯ ಮೇಲೆ ಬರೆದುಕೊಟ್ಟೆ.

ಹೊರಡುವಾಗ ಆಕೆ ಮಗನಿಗೆ ಹೇಳುತ್ತಿದ್ದುದು ಕೇಳಿಸಿತು: "ಹುಳ ಗೂಡು ಕಟ್ಟೋಗಂಟ ಆ ಫೋನು ಮನೇಲಿರ್ಲಿ ಕಣೋ. ನಂಗೂ ಒತ್ತೋದು ಕಲ್ಸು."