ಬಿಸಿಲ ನಾಡಿನ ಬೆಟ್ಟಗಳು

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಆಸುಪಾಸಿನ ಊರುಗಳಲ್ಲಿ ಗಾಳಿಗೆ ಹಾರುವ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳನ್ನು ಕಂಡು ಹೊಸಬರು ಬೆರಗಾಗುವುದುಂಟು. ಹಿಮಾಲಯದ ಆಚೆಯ ತಮ್ಮ ನಾಡನ್ನು ತೊರೆದುಬಂದ ಟಿಬೆಟ್ಟಿನ ಜನರಿಗೆ 1974ರಲ್ಲಿ ಇಲ್ಲಿ ನೆಲೆ ದೊರೆಯಿತು. ಧೊಂಡೆನ್ಲಿಂಗ್ ಎಂಬುದು ಆ ವಸತಿಯ ಹೆಸರು. ಹಿಮದ ನಡುವೆ ಬಾಳಿದವರು ಈ ಬಿಸಿಲ ಸೀಮೆಯಲ್ಲಿ ಮುಸುಕಿನ ಜೋಳವನ್ನು ಬಿತ್ತಿ ಬದುಕು ಕಟ್ಟಿಕೊಂಡರು.

ಉದ್ಯೋಗನಿಮಿತ್ತ ತಂಪು ದೇಶಗಳಲ್ಲಿದ್ದು ಮರಳಿದ ನಮ್ಮ ಭಕ್ತರ ಮನೆಗಳ ಮಕ್ಕಳೂ ಇಂದು ಕೇಳುತ್ತಿದ್ದಾರೆ: “ಬಂಡೆಯನ್ನೂ ಹಿಮಶಿಖರವನ್ನೂ ಹತ್ತುವ ಹವ್ಯಾಸವುಳ್ಳ ನಮಗೆ ಇಲ್ಲಿ ಏನಿದೆ?” ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳಲ್ಲಿ ಅನೇಕ ಬಾರಿ ಸಂಚರಿಸಿರುವ ನಾವು ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾರೆವು. ಸರಿಯಾದ ದಾರಿಯನ್ನು ಹಿರಿಯರು ತೋರದಿದ್ದರೆ ಕಿರಿಯರು ತಪ್ಪು ಬಂಡೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಕಾಲು ಜಾರಿದರೆ ಹೋಗುವುದು ಪ್ರಾಣವೇ.

ಮೊದಲು ತಿಳಿಯಬೇಕಾದುದನ್ನು ಟಿಬೆಟ್ಟಿನವರಿಂದಲೇ ಕಲಿಯಬಹುದು. 6,638 ಮೀಟರ್ ಎತ್ತರದ ಕೈಲಾಸ ಪರ್ವತ ನಮಗೆ ಶಿವನ ನೆಲೆ, ಅವರಿಗೂ ಪವಿತ್ರಸ್ಥಾನ. ಅದರ ಶಿಖರವನ್ನು ಅವರು ಮೆಟ್ಟುವುದಿಲ್ಲ. ಸುಮಾರು 52 ಕಿಲೋಮೀಟರ್ ದೂರವನ್ನು ನಡೆದು ಪ್ರದಕ್ಷಿಣೆ ಮಾಡಿ ಧನ್ಯರಾಗುತ್ತಾರೆ. ಹತ್ತುವ ಬೆಟ್ಟವೊಂದು, ಸುತ್ತುವ ಬೆಟ್ಟವೊಂದು, ಕೆಳಗೆ ನಿಂತು ಕೈಮುಗಿಯುವ ಬೆಟ್ಟವೊಂದು. ಈ ವಿವೇಕವೇ ಆರೋಹಣದ ಮೊದಲ ಪಾಠ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ದೇಗುಲವಿರುವುದೇ ಕಡಿದಾದ ಬಿಳಿಯ ಬಂಡೆಯ ಅಂಚಿನಲ್ಲಿ. ಅದನ್ನು ಕಂಡ ಯುವಕರ ಕೈ ಹಗ್ಗವನ್ನು ಬಯಸುವುದು ಸಹಜ. ಆದರೆ ಆ ಅರಣ್ಯವು 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮನಬಂದಲ್ಲಿ ಹತ್ತುವಂತಿಲ್ಲ. ಅಲ್ಲಿಯ ನಿಜವಾದ ಆರೋಹಿಗಳು ಸೋಲಿಗರು. ಎತ್ತರದ ಮರಗಳನ್ನೂ ಬಂಡೆಗಳನ್ನೂ ಏರಿ ಅವರು ಹೆಜ್ಜೇನನ್ನು ಇಳಿಸುತ್ತಾರೆ. ತುಪ್ಪವನ್ನೆಲ್ಲ ತೆಗೆಯದೆ ಒಂದು ಪಾಲನ್ನು ಬಿಟ್ಟುಬರುತ್ತಾರೆ. ಅವರ ಅನೇಕ ಪೋಡುಗಳ ಅರಣ್ಯ ಹಕ್ಕುಗಳಿಗೆ ಅದೇ 2011ರಲ್ಲಿ ಮನ್ನಣೆ ದೊರೆಯಿತು. ಹೆಜ್ಜೇನು ಕೆರಳಿದರೆ ಬಂಡೆಯ ನಡುವೆ ನಿಂತವನಿಗೆ ಓಡಲು ಎಡೆಯಿಲ್ಲವೆಂಬುದನ್ನು ಅವರನ್ನು ಕೇಳಿಯೇ ತಿಳಿಯಬೇಕು.

ಹನೂರಿನ ಕಡೆಗೆ ಬಂದರೆ ಎಪ್ಪತ್ತೇಳು ಮಲೆಗಳ ಒಡೆಯನಾದ ಮಾದಪ್ಪನ ಸನ್ನಿಧಿ. ತಾಳಬೆಟ್ಟದಿಂದ ಮೇಲಕ್ಕೆ ಬರಿಗಾಲಲ್ಲಿ ನಡೆಯುವ ಭಕ್ತರಿಗೆ ಹಗ್ಗವೂ ಬೇಡ, ಕೊಕ್ಕೆಯೂ ಬೇಡ. ಹಿಮದ ನಾಡಿನಲ್ಲಿ ಚಳಿ ಒಡ್ಡುವ ಪರೀಕ್ಷೆಯನ್ನು ಇಲ್ಲಿ ಬಿಸಿಲು, ಬಾಯಾರಿಕೆಗಳು ಒಡ್ಡುತ್ತವೆ. ನಾಗಮಲೆಯ ಹಾದಿಯೂ ಇಂಥದ್ದೇ. 2013ರಲ್ಲಿ ಈ ಮಲೆಗಳ ಕಾಡು ವನ್ಯಜೀವಿಧಾಮವಾಯಿತು. ಆದ್ದರಿಂದ ಅರಣ್ಯ ಇಲಾಖೆಯ ನಿಯಮವನ್ನು ತಿಳಿದು, ಹಗಲಿನಲ್ಲಿ, ಗುಂಪಾಗಿ, ನೀರನ್ನು ಹೊತ್ತು ನಡೆಯತಕ್ಕದ್ದು.

ಹಾಗಾದರೆ ಹಗ್ಗ ಹಿಡಿದು ಶಿಲಾರೋಹಣ ಕಲಿಯುವವರು ಎಲ್ಲಿಗೆ ಹೋಗಬೇಕು? ಅರ್ಧ ದಿನದ ಪ್ರಯಾಣದೊಳಗೆ ರಾಮನಗರ, ಸಾವನದುರ್ಗಗಳ ಗ್ರಾನೈಟ್ ಬಂಡೆಗಳಿವೆ. 1975ರ ‘ಶೋಲೆ’ ಚಲನಚಿತ್ರದಿಂದ ರಾಮನಗರದ ಬಂಡೆಗಳನ್ನು ದೇಶವೇ ಕಂಡಿತು. ಅಲ್ಲಿಯೂ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮವಾದುದರಿಂದ ಎಲ್ಲೆಂದರಲ್ಲಿ ಹತ್ತಲಾಗದು. ಸಾವನದುರ್ಗದ ನುಣುಪು ಇಳಿಜಾರಿನಲ್ಲಿ ಕೈಗೆ ಹಿಡಿ ಸಿಗುವುದು ವಿರಳ. ಅಂಗಾಲಿನ ಒತ್ತು, ಮೈಯ ಸಮತೋಲ ಇವೇ ಆಧಾರ. ಕಾದ ಬಂಡೆ ಕೈಯನ್ನು ಸುಡುತ್ತದೆ, ನೆನೆದ ಬಂಡೆ ಕಾಲನ್ನು ಜಾರಿಸುತ್ತದೆ. ಆದುದರಿಂದ ಮಳೆ ಕಳೆದ ಚಳಿಗಾಲದ ಬೆಳಗಿನ ಹೊತ್ತೇ ಪ್ರಶಸ್ತ. ಇನ್ನೂ ದೂರ ಹೋಗಬಲ್ಲವರಿಗೆ ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಿವೆ.

ಹಿಮಾರೋಹಣದ ಮಾತು ಬೇರೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟದು. ಹಿಮವನ್ನು ಇಲ್ಲಿ ಅರಸುವುದು ವ್ಯರ್ಥ. ಅದಕ್ಕೆ ಹಿಮಾಲಯಕ್ಕೇ ಹೋಗಬೇಕು. 1953ರಲ್ಲಿ ಎವರೆಸ್ಟ್ ಏರಿದ ತೇನ್‌ಸಿಂಗ್ ನೋರ್ಗೆ ಅವರು ಪಾಠ ಹೇಳಿದ ಡಾರ್ಜಿಲಿಂಗ್‌ನ ಸಂಸ್ಥೆ 1954ರಲ್ಲಿಯೂ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರಲ್ಲಿಯೂ ಸ್ಥಾಪಿತವಾದವು. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿಯು ಶಿಲಾರೋಹಣದ ತರಬೇತಿಯನ್ನು ನೀಡುತ್ತದೆ.

ಮಕ್ಕಳ ಹಂಬಲವನ್ನು “ಬೇಡ” ಎಂಬ ಒಂದೇ ಮಾತಿನಿಂದ ಅದುಮಿದರೆ ಅದು ಅಡಗದು, ಮರೆಯಲ್ಲಿ ಬೆಳೆಯುತ್ತದೆ. ಗುರುವಿಲ್ಲದ ವಿದ್ಯೆ ಎಲ್ಲಿಯೂ ಸಲ್ಲದು. ಬಂಡೆಯ ಮೇಲಂತೂ ಅದು ಮೃತ್ಯುವಿಗೆ ಆಹ್ವಾನ. ಗಂಟು ಬಿಗಿಯಾಗಿದೆಯೇ ಎಂದು ನೋಡುವ ಗುರು, ಹಗ್ಗದ ತುದಿಯನ್ನು ಕೆಳಗೆ ಹಿಡಿದು ನಿಂತ ನಂಬುಗೆಯ ಜೊತೆಗಾರ, ಮೋಡ ಕವಿದಾಗ ಇಳಿದುಬರುವ ಸಂಯಮ, ಇವು ಮೂರೂ ಇದ್ದಲ್ಲಿಗೆ ತಾಯಿತಂದೆಯರು ಮಕ್ಕಳನ್ನು ಧೈರ್ಯವಾಗಿ ಕಳುಹಿಸಬಹುದು.