ಬಸ್ಸಿನಲ್ಲಿ ಕಾಣೆಯಾದ ಚಿಟ್ಟೆಗೆ

ಬ್ಯಾಜಿನ ಬೆನ್ನಿಗಿದ್ದ ಚಿಟ್ಟೆಯೇ,

ನಿನಗೊಂದು ನೆಟ್ಟಗಿನ ಹೆಸರೂ ಇಲ್ಲ ನೋಡು. ನಮ್ಮವ್ವನ ಬೆಂಡೋಲೆಯದಾದರೆ ತಿರುಪು, ಅದು ತಿರುಗುತ್ತದೆ. ನೀನು ತಿರುಗುವುದಿಲ್ಲ. ಎರಡು ರೆಕ್ಕೆ ಒತ್ತಿದರೆ ಹಿಡಿತ ಸಡಿಲಿಸುತ್ತಿ, ಬಿಟ್ಟರೆ ಕಚ್ಚುತ್ತಿ. ಅಂಗಡಿಯವ ‘ಹಿಂದಿನ ಲಾಕ್’ ಅಂದ. ಬಸ್ ಸ್ಟ್ಯಾಂಡಿನಲ್ಲಿ ನಾನು ಏನಂತ ಕೂಗಿ ಹುಡುಕಲಿ?

ನೀನು ಹೋದದ್ದು ನವೆಂಬರ್ 1ರಂದು, ನರಗುಂದದಿಂದ ರೋಣಕ್ಕೆ ಹೊರಟ ಬಸ್ಸಿನಲ್ಲಿ. ಖಾದಿ ಜಾಕೀಟಿನ ಮೇಲೆ ಹಳದಿ-ಕೆಂಪು ಎನಾಮಲ್ ಬ್ಯಾಜು ಸಿಕ್ಕಿಸಿಕೊಂಡಿದ್ದೆ. ರೋಣದಲ್ಲಿ ಇಳಿಯುವಾಗ ಎದೆ ಮುಟ್ಟಿಕೊಂಡರೆ ಬೆರಳಿಗೆ ಮೊಳೆ ಚುಚ್ಚಿತು. ಬ್ಯಾಜು ಓರೆಯಾಗಿ ಜೋತಾಡುತ್ತಿತ್ತು, ನೀನಿರಲಿಲ್ಲ. ಏಕೀಕರಣಕ್ಕೆ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಜಕ್ಕಲಿ ಇದೇ ಸೀಮೆಯದು. ರಾಜ್ಯೋತ್ಸವದ ದಿನವೇ ಆ ಬಣ್ಣ ಇಲ್ಲಿ ನೆಲಕ್ಕೆ ಬಿದ್ದಿದ್ದರೆ ನನಗೆ ಮುಖ ಎಲ್ಲಿ? ನರಗುಂದದ ರೈತರೇ ಜಾಣರು. 1980ರ ಜುಲೈ 21ರ ಬಂಡಾಯದಲ್ಲಿ ಮಡಿದವರ ನೆನಪಿಗೆ ವೀರಗಲ್ಲಿನ ಹತ್ತಿರ ಸೇರುವಾಗ ಹೆಗಲಿಗೊಂದು ಹಸಿರು ಶಾಲು ಹಾಕಿಕೊಂಡರೆ ಆಯಿತು, ಯಾವ ಲಾಕಿನ ಹಂಗೂ ಇಲ್ಲ.

ನಿನ್ನನ್ನು ಬೈದುಕೊಂಡೇ ಗಜೇಂದ್ರಗಡದ ಪತ್ತಾರ ಕಾಕಾನ ಮುಂದೆ ಕೂತೆ. ಅವನು ಕನ್ನಡಕ ಹಣೆಗೇರಿಸಿ ಮೊಳೆ ತೋರಿಸಿದ: ತುದಿಯ ಕೆಳಗೆ ಕೊರಳಿಗೆ ದಾರ ಕಟ್ಟಿದಂಥ ಸಣ್ಣ ಗೀರು. ನಿನ್ನ ಹೊಟ್ಟೆಯೊಳಗಿನ ಸ್ಪ್ರಿಂಗು ಆ ಗೀರಿಗೆ ಕೂತಾಗಲೇ ‘ಟಕ್’ ಅನ್ನುವುದಂತೆ. ದಪ್ಪ ಖಾದಿ ಮೊಳೆಯನ್ನೇ ನುಂಗಿತ್ತು. ನೀನು ಗೀರಿನ ತನಕ ಬಂದೇ ಇರಲಿಲ್ಲ. ಅಂದು ಬೆಳಿಗ್ಗೆ ‘ಟಕ್’ ಕೇಳಿಸಿತ್ತೇ? ಇಲ್ಲ. ಅವಸರದಲ್ಲಿದ್ದೆ. ಬೈದದ್ದನ್ನು ಹಿಂದಕ್ಕೆ ತಗೊಂಡಿದ್ದೇನೆ.

ಮೊಳೆಯೇ ಮುರಿದ ಇನ್ನೊಂದು ಬ್ಯಾಜೂ ಜೇಬಿನಲ್ಲಿತ್ತು. ಬೆಸುಗೆ ಹಾಕು ಅಂದೆ.

“ಇದು ಸತುವಿನ ಮಾಲು, ತಮ್ಮಾ. ಉರಿ ತೋರಿಸಿದ್ರ ಮುದ್ದಿ ಆಗತೈತಿ, ಬಣ್ಣಾನೂ ಕರ್ರಗಾಗತೈತಿ.”

ಸರಿಯೇ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, ಬೆಳ್ಳಿ ಬೆಸುಗೆಗೆ 600 ದಾಟಬೇಕು. ತಾಮ್ರದ ಮೇಲೆ ಗಾಜಿನ ಪುಡಿ ಇಟ್ಟು ಕುಲುಮೆಯಲ್ಲಿ ಬೇಯಿಸಿದ ಹಳೆಯ ಮೀನಾ ಕೆಲಸದ ಮಾತು ಬೇರೆ. ಈಗಿನದು ಬರೇ ಬಣ್ಣ. ಕಾಕಾ ಊದುಗೊಳವೆ ಮುಟ್ಟಲೇ ಇಲ್ಲ. ಬೆನ್ನನ್ನು ಉಪ್ಪುಕಾಗದದಿಂದ ತಿಕ್ಕಿ ಗರುಕು ಮಾಡಿದ, ಸ್ಪಿರಿಟ್ಟಿನಲ್ಲಿ ಒರೆಸಿದ, ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ ಹೊಸ ಬಿಲ್ಲೆಮೊಳೆ ಕೂಡಿಸಿದ. ನಾಳೆತನಕ ಮುಟ್ಟಬ್ಯಾಡ ಅಂದ. ಮನೆಯಲ್ಲಿ ನಾನು ಚಣದಲ್ಲಿ ಅಂಟುವ ಗೋಂದು ಹಚ್ಚಿ ಎರಡು ಸಲ ಕಿತ್ತುಕೊಂಡದ್ದನ್ನು ಅವನಿಗೆ ಹೇಳಲಿಲ್ಲ.

ನಿನ್ನ ಜಾಗಕ್ಕೆ ಈಗ ಕರೀ ರಬ್ಬರಿನದು ಬಂದಿದೆ. ಬಟ್ಟೆ ದಪ್ಪವಿರಲಿ ತೆಳ್ಳಗಿರಲಿ ಮೊಳೆಯನ್ನು ಅಪ್ಪಿಕೊಂಡೇ ಇರುತ್ತದೆ, ಗೀರಿನ ಗೊಡವೆ ಇಲ್ಲ. ಆದರೂ ಸಿಕ್ಕಿಸುವಾಗ ಕಿವಿ ಸುಮ್ಮನೆ ಕಾಯುತ್ತದೆ. ಅದು ‘ಟಕ್’ ಅನ್ನುವುದಿಲ್ಲ.

ಇಂತಿ,
ಜಾಕೀಟಿನವ